ಕೀ ಸಿಕ್ಕಿದೆ, ಲೆಕ್ಕ ಸಿಕ್ಕಿಲ್ಲ

ಓದುಗರ ಪತ್ರ: ಬೆಂಗಳೂರಿನ ಹೊರವಲಯದಲ್ಲಿ 96 ಫ್ಲ್ಯಾಟ್‌ಗಳ ಅಪಾರ್ಟ್‌ಮೆಂಟಿನಲ್ಲಿ ಇದ್ದೇವೆ. ಕೀ ಕೊಟ್ಟು ಮೂರು ವರ್ಷವಾಯಿತು. ಈಗಲೂ ಬಿಲ್ಡರ್ ನೇಮಿಸಿದ ಏಜೆನ್ಸಿಯದೇ ಕಾರುಬಾರು. ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ವಾಸನೆ ಹೊಡೆಯುತ್ತದೆ, ಬೇಸ್‌ಮೆಂಟಿನ ಗೋಡೆ ಒಸರುತ್ತದೆ. ಮುಂದಿನ ದೊಡ್ಡ ಖರ್ಚಿಗೆಂದು ಮೊದಲೇ ಕಟ್ಟಿದ ಕಾರ್ಪಸ್ ಹಣದ ಲೆಕ್ಕ ಕೇಳಿದರೆ ಉತ್ತರವಿಲ್ಲ. ಈಗ ಮೇಂಟೆನೆನ್ಸ್ ಏರಿಸಿದ್ದಾರೆ. ನಾವೇ ವಹಿಸಿಕೊಳ್ಳೋಣ ಎಂದರೆ ಅರ್ಧ ಜನ ‘ನಮಗ್ಯಾಕೆ ಈ ತಲೆನೋವು’ ಅನ್ನುತ್ತಾರೆ. ಏನು ಮಾಡಬೇಕು?

ಸಂಪಾದಕರ ಉತ್ತರ:

ಮೂರು ವರ್ಷವಾಯಿತು ಅಂದಿರಿ. ಹಾಗಾದರೆ ಇನ್ನು ಎರಡೇ ವರ್ಷ ಉಳಿದಿದೆ. ಎಲ್ಲಕ್ಕಿಂತ ಮೊದಲು ಇದನ್ನೇ ಹೇಳಬೇಕು. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ, ಕೆಲಸದಲ್ಲಿ, ಗುಣಮಟ್ಟದಲ್ಲಿ ಅಥವಾ ಸೌಲಭ್ಯಗಳಲ್ಲಿ ದೋಷ ಕಂಡು ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ತಮ್ಮ ಖರ್ಚಿನಲ್ಲೇ ಸರಿಪಡಿಸಬೇಕು. ಮಾಡದಿದ್ದರೆ ಪರಿಹಾರ ಕೇಳಬಹುದು. ಒಸರುವ ಗೋಡೆ ಆರನೇ ವರ್ಷಕ್ಕೆ ಹೋದರೆ ಅದರ ಖರ್ಚು ನಿಮ್ಮ 96 ಮನೆಗಳ ತಲೆ ಮೇಲೆ ಬೀಳುತ್ತದೆ.

ವಾಟ್ಸಾಪ್ ಗುಂಪಿನಲ್ಲಿ ಬೈದದ್ದು ದೂರು ಆಗುವುದಿಲ್ಲ. ‘ಇದು ದೋಷ ಅಲ್ಲ, ನೀವು ಸರಿಯಾಗಿ ನೋಡಿಕೊಂಡಿಲ್ಲ’ ಎಂದು ಬಿಲ್ಡರ್ ಹೇಳಿಯೇ ಹೇಳುತ್ತಾರೆ. ಅದಕ್ಕೇ ಹೊರಗಿನ ಸಿವಿಲ್ ಎಂಜಿನಿಯರ್ ಒಬ್ಬರನ್ನು ಕರೆಸಿ. ಬೇಸ್‌ಮೆಂಟ್, ಟೆರೇಸ್, ನೀರಿನ ಟ್ಯಾಂಕ್, ಬೆಂಕಿ ಆರಿಸುವ ಪಂಪು, ಲಿಫ್ಟು, ಜನರೇಟರ್ ಎಲ್ಲವನ್ನೂ ತೋರಿಸಿ, ಬರವಣಿಗೆಯಲ್ಲಿ ವರದಿ ಪಡೆಯಿರಿ. ಎಸ್‌ಟಿಪಿಗೆ ಅದೇ ಕೆಲಸ ಬಲ್ಲವರು ಬೇಕು. ಎಲ್ಲ ಫ್ಲ್ಯಾಟ್ ತುಂಬಿದಾಗ ಬರುವ ಕೊಳಚೆ ನೀರನ್ನು ಅದು ತಡೆದುಕೊಳ್ಳುತ್ತದೆಯೇ ಅಂತ ಕೇಳಿ. ಅರ್ಧ ಮನೆ ಖಾಲಿ ಇದ್ದಾಗ ಚೆನ್ನಾಗಿ ನಡೆದ ಯಂತ್ರ ಆಮೇಲೆ ಸೋಲುವುದು ಉಂಟು. ಇದಕ್ಕೆಲ್ಲ ಸೇರಿ ಮನೆಗೆ ಒಂದಿಷ್ಟು ಹಣ ಬೀಳುತ್ತದೆ. ಕೊಡಿ. ಇದಕ್ಕಿಂತ ಉಪಯೋಗದ ಖರ್ಚು ಈ ವರ್ಷ ನಿಮಗೆ ಬೇರೆ ಇಲ್ಲ.

ಇನ್ನು ‘ತಲೆನೋವು ಬೇಡ’ ಅನ್ನುವವರ ಮಾತು. ಅವರನ್ನು ಸೋಮಾರಿಗಳೆಂದು ದೂರಬೇಡಿ. ಬೆಳಗ್ಗೆ ಎಂಟಕ್ಕೆ ಹೊರಟು ರಾತ್ರಿ ಎಂಟಕ್ಕೆ ಬರುವವರಿಗೆ ಟ್ಯಾಂಕರ್ ಎಣಿಸುವ ಪುರುಸೊತ್ತು ಎಲ್ಲಿದೆ? ಆದರೆ ವಹಿಸಿಕೊಳ್ಳುವುದು ಅಂದರೆ ನೀವೇ ಮೋಟಾರ್ ಹಾಕಬೇಕು ಅಂತಲ್ಲ. ಬೇಕಿದ್ದರೆ ಅದೇ ಏಜೆನ್ಸಿಯನ್ನೇ ಇಟ್ಟುಕೊಳ್ಳಿ. ಆದರೆ ಒಪ್ಪಂದಕ್ಕೆ ಸಹಿ ಹಾಕುವುದು ನಿಮ್ಮ ಅಸೋಸಿಯೇಷನ್ ಆಗಿರಬೇಕು. ಬಿಲ್ಲು ನಿಮ್ಮ ಖಜಾಂಚಿಯ ಮುಂದೆ ಬರಬೇಕು, ಕೆಲಸ ಸರಿ ಇಲ್ಲದಿದ್ದರೆ ಬಿಡಿಸುವ ಹಕ್ಕು ನಿಮಗಿರಬೇಕು. ಈಗ ಆ ಏಜೆನ್ಸಿ ನಿಮ್ಮ ಹಣ ತೆಗೆದುಕೊಂಡು ಬಿಲ್ಡರ್‌ಗೆ ಉತ್ತರ ಹೇಳುತ್ತಿದೆ. ಬದಲಾಗಬೇಕಾದ್ದು ಇದೊಂದೇ. ಸಭೆಯಲ್ಲಿ ಹೀಗೇ ಹೇಳಿ ನೋಡಿ, ಅರ್ಧಕ್ಕರ್ಧ ವಿರೋಧ ಕರಗುತ್ತದೆ.

ಅಂದಹಾಗೆ, ಏಜೆನ್ಸಿಯ ಬಿಲ್ಲಿನಲ್ಲಿ 18% ಜಿಎಸ್‌ಟಿ ಇದೆಯೇ ನೋಡಿ. ಅಸೋಸಿಯೇಷನ್ ತನ್ನ ಒಬ್ಬೊಬ್ಬ ಸದಸ್ಯರಿಂದ ಪಡೆಯುವ ಮೇಂಟೆನೆನ್ಸ್ ತಿಂಗಳಿಗೆ 7,500 ರೂಪಾಯಿ ದಾಟದಿದ್ದರೆ ಅದರ ಮೇಲೆ ಜಿಎಸ್‌ಟಿ ಬೀಳುವುದಿಲ್ಲ.

ಅಸೋಸಿಯೇಷನ್ ನೋಂದಣಿ ಆಗಿದೆಯೇ ಎಂದು ನೀವು ಬರೆದಿಲ್ಲ. ಆಗಿಲ್ಲದಿದ್ದರೆ ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ದಾರಿ ಹಿಡಿಯಿರಿ. ಡಿಕ್ಲರೇಷನ್ ಡೀಡ್ (ಕಟ್ಟಡವನ್ನು ಈ ಕಾಯ್ದೆಗೆ ಒಳಪಡಿಸುವ ಘೋಷಣಾ ಪತ್ರ), ಅದರ ಜತೆಗೆ ಬೈಲಾ (ಅಸೋಸಿಯೇಷನ್ ನಿಯಮಾವಳಿ), ಎರಡೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. 1960ರ ಸಂಘಗಳ ಕಾಯ್ದೆಯಡಿ ಸುಲಭವಾಗಿ ಮಾಡಿಸಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಬೇಡ. 1972ರ ಕಾಯ್ದೆಯಲ್ಲಿ ಒಂದು ಗಟ್ಟಿ ಬಲ ಇದೆ: ಯಾರಾದರೂ ಸಾಮಾನ್ಯ ಖರ್ಚಿನ ಪಾಲು ಕಟ್ಟದೆ ಬಾಕಿ ಇಟ್ಟರೆ ಆ ಬಾಕಿಯ ಹೊರೆ ಫ್ಲ್ಯಾಟಿನ ಮೇಲೇ ಕೂರುತ್ತದೆ. ‘ನಾನು ಕ್ಲಬ್‌ಹೌಸ್ ಬಳಸಲ್ಲ, ಕೊಡಲ್ಲ’ ಅನ್ನುವಂತಿಲ್ಲ. ಮಾರಾಟವಾಗದೆ ಉಳಿದ ಫ್ಲ್ಯಾಟ್‌ಗಳಿದ್ದರೆ ಅವುಗಳ ಮಾಲೀಕರು ಬಿಲ್ಡರ್ ತಾನೇ? ಆ ಪಾಲನ್ನೂ ಕೇಳಿ.

ಓಸಿ (ವಾಸಕ್ಕೆ ಯೋಗ್ಯ ಎಂಬ ಪ್ರಮಾಣಪತ್ರ) ಬಂದಿದೆಯೇ ಅನ್ನುವುದನ್ನೂ ತಿಳಿದುಕೊಳ್ಳಿ. ರಾಜ್ಯದ ಕಾನೂನು ಬೇರೆ ಗಡುವು ಇಡದಿದ್ದರೆ, ರೇರಾ ಪ್ರಕಾರ ಬಿಲ್ಡರ್ ಕಂಪ್ಲೀಷನ್ ಸರ್ಟಿಫಿಕೇಟ್ (ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ) ಬಂದ 30 ದಿನದಲ್ಲಿ ನಕ್ಷೆ, ದಾಖಲೆಗಳನ್ನೆಲ್ಲ ಅಸೋಸಿಯೇಷನ್‌ಗೆ ಒಪ್ಪಿಸಬೇಕು. ಓಸಿ ಬಂದ ಮೂರು ತಿಂಗಳಲ್ಲಿ ಸಾಮಾನ್ಯ ಜಾಗವನ್ನು ಬರೆದುಕೊಡಬೇಕು. ಪೈಪು, ವೈರು ಎಲ್ಲಿ ಹಾದುಹೋಗಿವೆ ಅನ್ನುವ ನಕ್ಷೆ ಇಲ್ಲದೆ ಹತ್ತು ವರ್ಷದ ಮೇಲೆ ಒಂದು ಸೋರಿಕೆ ಹುಡುಕಲು ಮೂರು ಮನೆಯ ಟೈಲ್ಸ್ ಒಡೆಯಬೇಕಾಗುತ್ತದೆ. ಲಿಫ್ಟ್ ಲೈಸೆನ್ಸ್, ಅಗ್ನಿಶಾಮಕ ಇಲಾಖೆಯ ಎನ್‌ಒಸಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ, ಯಂತ್ರಗಳ ವಾರಂಟಿ, ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಕಾಗದ, ಇವೂ ಬೇಕು.

ಮೇಂಟೆನೆನ್ಸ್ ಏರಿಕೆ ಬಗ್ಗೆ ನಿಮಗೆ ಇಷ್ಟವಾಗದ ಮಾತೊಂದು. ಲೆಕ್ಕ ಕೊಡದೆ ಏರಿಸಿದ್ದು ತಪ್ಪು. ಆದರೆ ವಹಿಸಿಕೊಂಡ ಮೇಲೆ ‘ನಾವು ಇಳಿಸಿದೆವು’ ಎಂದು ಹೆಮ್ಮೆಪಡುವ ಸಮಿತಿ ನಿಮ್ಮದಾಗಬಾರದು. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾದಲ್ಲಿ ಫ್ಲ್ಯಾಟಿನ ನಿರ್ಮಾಣ ವೆಚ್ಚದ ಕನಿಷ್ಠ 0.25% ಪ್ರತಿ ವರ್ಷ ಸಿಂಕಿಂಗ್ ಫಂಡಿಗೆ (ಮುಂದಿನ ದೊಡ್ಡ ಕೆಲಸಗಳಿಗೆ ಕೂಡಿಡುವ ನಿಧಿ), 0.75% ರಿಪೇರಿ ನಿಧಿಗೆ ಎಂದಿದೆ. ನಿಮ್ಮ ಫ್ಲ್ಯಾಟ್ ಕಟ್ಟಲು 25 ಲಕ್ಷ ಹಿಡಿದಿದೆ ಅಂದುಕೊಳ್ಳಿ. ವರ್ಷಕ್ಕೆ 6,250 ಮತ್ತು 18,750, ಎರಡೂ ಸೇರಿ 25,000 ರೂಪಾಯಿ. ತಿಂಗಳಿಗೆ ಎರಡು ಸಾವಿರದ ಮೇಲಾಯಿತು. ಆ ನಿಯಮ ನಿಮಗೆ ಅನ್ವಯಿಸುವುದಿಲ್ಲ, ನಿಜ. ಆದರೆ ಲಿಫ್ಟ್ ಬದಲಿಸುವಾಗ, ಟೆರೇಸಿಗೆ ಮತ್ತೆ ವಾಟರ್‌ಪ್ರೂಫಿಂಗ್ ಮಾಡಿಸುವಾಗ ಹಣ ಎಲ್ಲಿಂದ ಬರಬೇಕು? ಆ ಹೊತ್ತಿಗೆ ಮನೆಗೆ ಇಷ್ಟು ಲಕ್ಷ ಕೊಡಿ ಅಂದರೆ ಪಿಂಚಣಿಯಲ್ಲಿ ಬದುಕುವವರಿಗೆ ದಿಕ್ಕೇ ತೋಚುವುದಿಲ್ಲ. ತಿಂಗಳು ತಿಂಗಳು ಸ್ವಲ್ಪ ಜಾಸ್ತಿ ಕೊಟ್ಟು, ಆ ಹಣವನ್ನು ಬೇರೆ ಖಾತೆಯಲ್ಲಿ ಇಡಿ. ದಿನದ ಖರ್ಚಿಗೆ ಅದನ್ನು ಮುಟ್ಟಬಾರದೆಂದು ಬೈಲಾದಲ್ಲೇ ಬರೆಯಿರಿ.

ಇನ್ನೊಂದು ಮಾತನ್ನು ಬಿಡುವಂತಿಲ್ಲ. ಎಸ್‌ಟಿಪಿ ಟ್ಯಾಂಕ್ ಚೊಕ್ಕ ಮಾಡಲು ಯಾರನ್ನೂ ಒಳಗೆ ಇಳಿಸಬೇಡಿ. ವಿಷಾನಿಲಕ್ಕೆ ಸಿಕ್ಕು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೇ ಕೆಲಸಗಾರರು ಸತ್ತಿದ್ದಾರೆ. ರಕ್ಷಣಾ ಸಾಧನವಿಲ್ಲದೆ ಹಾಗೆ ಇಳಿಸುವುದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯಡಿ ಅಪರಾಧ. ಏಜೆನ್ಸಿ ಮಾಡಿದ್ದು, ನಮಗೆ ಗೊತ್ತಿರಲಿಲ್ಲ ಎಂದು ಜಾರಿಕೊಳ್ಳಬಾರದು. ಯಂತ್ರದಿಂದಲೇ ಆಗಬೇಕು ಎಂಬ ಷರತ್ತನ್ನು ಒಪ್ಪಂದದ ಮೊದಲ ಪುಟದಲ್ಲಿ ಹಾಕಿಸಿ.

ಸದ್ಯಕ್ಕೆ ಬಿಲ್ಡರ್‌ಗೆ ಒಂದು ಪತ್ರ ಬರೆಯಿರಿ. ಕಾರ್ಪಸ್ ಎಷ್ಟು ಬಂತು, ಯಾವ ಬ್ಯಾಂಕಿನಲ್ಲಿದೆ, ಬಡ್ಡಿ ಎಷ್ಟಾಯಿತು, ಏನಾದರೂ ಖರ್ಚಾಗಿದೆಯೇ ಎಂದು ಕೇಳಿ. ದೋಷಗಳ ಪಟ್ಟಿಗೆ ಎಂಜಿನಿಯರ್ ವರದಿ, ಫೋಟೋ ಲಗತ್ತಿಸಿ. ಆದಷ್ಟು ಮಾಲೀಕರ ಸಹಿ ಹಾಕಿಸಿ, ಮನೆ ಬಾಡಿಗೆ ಕೊಟ್ಟು ಬೇರೆ ಊರಿನಲ್ಲಿರುವವರನ್ನೂ ಸೇರಿಸಿ. ಸ್ಪೀಡ್ ಪೋಸ್ಟ್ ಮತ್ತು ಇಮೇಲ್ ಎರಡರಲ್ಲೂ ಕಳಿಸಿ. 30 ದಿನದಲ್ಲಿ ಕೆಲಸ ಆಗದಿದ್ದರೆ ಅದೇ ಪತ್ರದ ನಕಲು ಇಟ್ಟು ಕರ್ನಾಟಕ ರೇರಾಗೆ ಅಸೋಸಿಯೇಷನ್ ಹೆಸರಿನಲ್ಲೇ ದೂರು ಕೊಡಿ.