ಕೋಟಿ ಸುರಿಯುವವರು, ಕರಪತ್ರ ಹಂಚುವವರು

ಪ್ರಶ್ನೆ: ಅಮೆರಿಕದಲ್ಲಿ ಕಂಪನಿಗಳು ಚುನಾವಣೆಗೆ ಎಷ್ಟು ಬೇಕಾದರೂ ಸುರಿಯಬಹುದಂತೆ, ಅದೂ ವಾಕ್ ಸ್ವಾತಂತ್ರ್ಯದ ಹೆಸರಿನಲ್ಲಿ. ನಾಲ್ಕು ಜನ ಸೇರಿ ಕಟ್ಟಿಕೊಂಡ ಗುಂಪಿಗೆ ಸಿಕ್ಕಿದ್ದೇನು ಮೇಡಂ?

ಉತ್ತರ: ನೀವು ಕೇಳಿದ್ದು ಅರ್ಧ ನಿಜ. ಸಂಸತ್ತು, ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳಿಗೆ ಕಂಪನಿ ಇವತ್ತಿಗೂ ನೇರವಾಗಿ ಹಣ ಕೊಡುವಂತಿಲ್ಲ. ಅಭ್ಯರ್ಥಿಯ ಜತೆ ಮಾತಾಡಿಕೊಳ್ಳದೆ ತಾನೇ ಪ್ರಚಾರ ಮಾಡಿದರೆ ಮಾತ್ರ ಮಿತಿಯಿಲ್ಲ. ದೇಣಿಗೆಗೂ ಸ್ವತಂತ್ರ ಖರ್ಚಿಗೂ ನಡುವೆ ಈ ಗೆರೆ ಎಳೆದದ್ದು ಅಲ್ಲಿನ ಸುಪ್ರೀಂ ಕೋರ್ಟಿನ 1976ರ ಬಕ್ಲಿ ತೀರ್ಪು. ಕಂಪನಿ, ಕಾರ್ಮಿಕ ಸಂಘಗಳಿಗೂ ಸ್ವತಂತ್ರ ಖರ್ಚಿನ ಬಾಗಿಲು ತೆರೆದದ್ದು ಅದೇ ಕೋರ್ಟಿನ 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪು, 5–4ರ ಬಹುಮತದಲ್ಲಿ.

ಆದರೆ ಸಣ್ಣವರ ಮಾತು ಬಂದಾಗ ನಾನು ತರಗತಿಯಲ್ಲಿ ಹೇಳುವುದು ಒಹಾಯೊದ ಮಾರ್ಗರೆಟ್ ಮ್ಯಾಕಿಂಟೈರ್ ಕಥೆ. 1988ರಲ್ಲಿ ವೆಸ್ಟರ್‌ವಿಲ್‌ನ ಶಾಲೆಯೊಂದರಲ್ಲಿ ಸಭೆ. ಬಂದವರಿಗೆಲ್ಲ ಈಕೆ ಮತದಾನಕ್ಕಿಟ್ಟಿದ್ದ ಶಾಲಾ ತೆರಿಗೆ ಬೇಡವೆಂದು ಕರಪತ್ರ ಹಂಚಿದರು. ಮನೆಯ ಕಂಪ್ಯೂಟರಿನಲ್ಲಿ ಬರೆದದ್ದು. ಮಗ ಮತ್ತು ಪರಿಚಯದವರೊಬ್ಬರು ನಿಂತ ಕಾರುಗಳ ಗಾಜಿಗೆ ಸಿಕ್ಕಿಸಿದರು. ಕೆಲವದರ ಕೆಳಗೆ ಆಕೆಯ ಹೆಸರಿಲ್ಲ, 'ಕಾಳಜಿಯುಳ್ಳ ಪೋಷಕರು ಮತ್ತು ತೆರಿಗೆದಾರರು' ಎಂದಷ್ಟೇ. ಹೆಸರು, ವಿಳಾಸ ಹಾಕದಿದ್ದರೆ ಕಾನೂನುಬಾಹಿರ ಎಂದು ಶಾಲೆಯ ಅಧಿಕಾರಿಯೊಬ್ಬರು ಎಚ್ಚರಿಸಿದರು. ಮರುದಿನ ಸಂಜೆ ಆಕೆ ಮತ್ತೆ ಹಾಜರು! ಎರಡು ಸಲ ಸೋತ ತೆರಿಗೆ ಪ್ರಸ್ತಾವ ಮೂರನೇ ಸಲ ಗೆದ್ದು ಐದು ತಿಂಗಳಾದ ಮೇಲೆ ಅದೇ ಅಧಿಕಾರಿ ದೂರು ಕೊಟ್ಟರು. (ಗೆದ್ದ ಮೇಲೂ ಹಗೆ ತೀರಲಿಲ್ಲ ನೋಡಿ.) 100 ಡಾಲರ್ ದಂಡ. 1995ರಲ್ಲಿ ಸುಪ್ರೀಂ ಕೋರ್ಟ್ 7–2ರಿಂದ ಅದನ್ನು ತೆಗೆದುಹಾಕುವ ಹೊತ್ತಿಗೆ ಆಕೆ ತೀರಿಕೊಂಡಿದ್ದರು. ಸಂವಿಧಾನದ ಪರ ವಾದಿಸಿದ ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಕೂಡ 'ಪಬ್ಲಿಯಸ್' ಎಂಬ ಗುಪ್ತನಾಮದಲ್ಲಿ ಬರೆದವರೇ ಎಂದು ತೀರ್ಪು ನೆನಪಿಸಿತು.

ನನ್ನ ಮಟ್ಟಿಗೆ, ಕೋಟಿಗಟ್ಟಲೆ ಸುರಿಯುವವರ ಹೆಸರು ಬಯಲಾಗಲೇಬೇಕು. ಸಿಟಿಜನ್ಸ್ ಯುನೈಟೆಡ್‌ನಲ್ಲೂ ಎಂಟು ನ್ಯಾಯಮೂರ್ತಿಗಳು ಹೆಸರು ಬಯಲು ಮಾಡುವ ನಿಯಮವನ್ನು ಎತ್ತಿಹಿಡಿದಿದ್ದರು. ಇದನ್ನು ಹೇಳುವವರೇ ಕಡಿಮೆ. ಆದರೆ ಜೆರಾಕ್ಸ್ ಖರ್ಚಿನ ಗುಂಪಿಗೂ ಖಜಾಂಚಿ ಬೇಕು, ವರದಿ ಕೊಡು ಎಂದರೆ ಹೇಗೆ? ದೊಡ್ಡವರು ವಕೀಲರನ್ನಿಟ್ಟು ನಿಭಾಯಿಸುತ್ತಾರೆ, ಇವರು ನಮಗ್ಯಾಕೆ ಉಸಾಬರಿ ಎಂದು ಸುಮ್ಮನಾಗುತ್ತಾರೆ.

ಪ್ರಶ್ನೆ: ಸೂಪರ್ ಪ್ಯಾಕ್ ಅಂದರೆ?

ಉತ್ತರ: ಸ್ವತಂತ್ರ ಖರ್ಚನ್ನಷ್ಟೇ ಮಾಡುವ ಗುಂಪು. ಮೊದಲು ಒಬ್ಬರಿಂದ ವರ್ಷಕ್ಕೆ 5,000 ಡಾಲರ್ ಮೀರಿ ಪಡೆಯುವಂತಿರಲಿಲ್ಲ. ಸ್ಪೀಚ್‌ನೌ ಎಂಬ ನಾಗರಿಕರ ಗುಂಪು ಹೂಡಿದ ದಾವೆಯಲ್ಲಿ, 2010ರ ಮಾರ್ಚ್‌ನಲ್ಲಿ, ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಆ ಮಿತಿ ಕಿತ್ತುಹಾಕಿತು. ನೋಂದಣಿ, ದಾನಿಗಳ ಪಟ್ಟಿ ಒಪ್ಪಿಸುವ ಕೆಲಸ ಹಾಗೇ ಉಳಿಯಿತು. ಆ ಬಾಗಿಲಿನಿಂದ ಆಮೇಲೆ ಒಳಗೆ ನುಗ್ಗಿದವರಲ್ಲಿ ಕೋಟ್ಯಧಿಪತಿಗಳೇ ಮುಂದು.