ಒಂಬತ್ತೂವರೆಯ ಅಲಾರಂ

ರಾತ್ರಿ ಒಂಬತ್ತೂವರೆಗೆ ಅವರ ಮೊಬೈಲಿನಲ್ಲಿ ಅಲಾರಂ ಹೊಡೆಯುತ್ತದೆ. ಊರಿಗೆ ಬಂದು ನಾಲ್ಕು ತಿಂಗಳಾದರೂ ಅದನ್ನು ತೆಗೆದಿಲ್ಲ. ಆ ಹೊತ್ತಿಗೆ ಕೆನ್ಯಾದಲ್ಲಿ ಸಂಜೆ ಏಳು. ಆಶ್ರಯಧಾಮದ ಮಕ್ಕಳು ಕೈಕಾಲು ತೊಳೆದು ಪ್ರಾರ್ಥನೆಗೆ ಕೂರುವ ಸಮಯ.

"ಅಲ್ಲಿ ಅದು ಏಳು ಗಂಟೆ ಅಲ್ಲ ಮೇಡಂ. ಸ್ವಾಹಿಲಿಯಲ್ಲಿ ಒಂದು ಗಂಟೆ ಅಂತ ಹೇಳ್ತಾರೆ. ಕತ್ತಲಾದ ಮೇಲೆ ಲೆಕ್ಕ ಹೊಸದಾಗಿ ಶುರು ಆಗ್ತದೆ."

ಮೊದಲ ಭೇಟಿಯಲ್ಲಿ ಅವರು ನಕ್ಕಿದ್ದು ಅಷ್ಟೇ.

ಅವರನ್ನು ಇಲ್ಲಿ ಲೀನಾ ಎನ್ನುತ್ತೇನೆ. ಹೆಸರು, ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ಇದನ್ನು ಬರೆಯಲು ಅವರ ಒಪ್ಪಿಗೆ ಇದೆ. ಇಪ್ಪತ್ತೊಂಬತ್ತು ವರ್ಷ, ಬಿ.ಎಡ್. ಆಗಿದೆ. ಮನೆ ಉಡುಪಿ ಕಡೆ. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮಂಗಳೂರಿಗೆ ಬಂದು, ಜ್ಯೋತಿ ಸ್ಟಾಪಿನಲ್ಲಿ ಇಳಿದು, ನನ್ನ ಕೌನ್ಸೆಲಿಂಗ್ ಕೋಣೆಗೆ ನಡೆದೇ ಬರುತ್ತಿದ್ದರು. ನೈರೋಬಿಯಿಂದ ಸ್ವಲ್ಪ ದೂರದ ಒಂದು ಕ್ರೈಸ್ತ ಆಶ್ರಯಧಾಮದಲ್ಲಿ ಎರಡು ವರ್ಷ ಪಾಠ ಮಾಡಿದ್ದರು. ವಾಸವೂ ಅಲ್ಲೇ, ಹದಿನಾಲ್ಕು ಮಕ್ಕಳಿದ್ದ ಮನೆಯಲ್ಲಿ.

ದೂರು ಏನೆಂದರೆ, ನಿದ್ದೆ ಇಲ್ಲ. ಊಟ ಸೇರುವುದಿಲ್ಲ. ಸಂಜೆ ಮನೆಯಲ್ಲಿ ಜಪಮಾಲೆ ಪ್ರಾರ್ಥನೆಯಾದ ತೇರ್ಸ್‌ಗೆ ಕೂತರೆ ಅರ್ಧಕ್ಕೇ ಎದ್ದು ಹೋಗುತ್ತಾರೆ. ಮಮ್ಮಿಗೆ ಸಿಟ್ಟು. "ಅಲ್ಲಿಯ ಮಕ್ಕಳ ಹತ್ತಿರ ದಿನಾ ಪ್ರಾರ್ಥನೆ ಮಾಡಿಸ್ತಿದ್ದಳಂತೆ, ಇಲ್ಲಿ ಹತ್ತು ನಿಮಿಷ ಕೂರ್ಲಿಕ್ಕೆ ಆಗುದಿಲ್ಲ" ಎಂದು ನನ್ನೆದುರೇ ಹೇಳಿದರು. ಮದುವೆಯಾಗಿ ತನ್ನದೇ ಮಕ್ಕಳಾದರೆ ಎಲ್ಲ ಸರಿಹೋಗುತ್ತದೆ ಎನ್ನುವುದು ಅವರ ಲೆಕ್ಕ.

ಮೊದಲ ದಿನ ನಾನೂ ಒಂದು ತಪ್ಪು ಮಾಡಿದೆ. "ನೀವು ದೊಡ್ಡ ಕೆಲಸ ಮಾಡಿ ಬಂದಿದ್ದೀರಿ" ಎಂದುಬಿಟ್ಟೆ. ಅವರ ಮುಖ ಮುಚ್ಚಿಕೊಂಡಿತು. ಇದನ್ನೇ ಎಲ್ಲರೂ ಹೇಳಿದ್ದರು. ಊರಿನವರು ಸೇರಿ ಶಾಲು ಹೊದಿಸಿದ್ದರು, ಫೋಟೋ ತೆಗೆದಿದ್ದರು. ನಮ್ಮಲ್ಲಿ ಶಾಲು ಹೊದಿಸುವ ಚಟ ಸ್ವಲ್ಪ ಜಾಸ್ತಿ. ಹೊದಿಸಿದ ಮೇಲೆ ಒಳಗಿನವರಿಗೆ ಬಾಯಿ ಬಿಡಲು ಜಾಗವೇ ಇರುವುದಿಲ್ಲ. ಮೂರನೇ ಭೇಟಿಯಲ್ಲಿ ನಿಜ ಬಂತು.

"ನಾನು ಅಲ್ಲಿ ಸುಳ್ಳು ಹೇಳಿ ಬಂದಿದ್ದೇನೆ ಮೇಡಂ."

ಪಪ್ಪನಿಗೆ ತುರ್ತಾಗಿ ಹೃದಯದ ಆಪರೇಷನ್ ಎಂದು ಫೋನ್ ಬಂದಿತ್ತು. ಮರುದಿನವೇ ವಿಮಾನ. ಎರಡು ವರ್ಷದ ಅವಧಿಯೂ ಮುಗಿಯುತ್ತಾ ಬಂದಿತ್ತು, ಮತ್ತೆ ಹೋಗುವುದಿಲ್ಲ ಎಂದು ಗೊತ್ತಿತ್ತು. ಬೆಳಿಗ್ಗೆ ಮಕ್ಕಳು ಶಾಲೆಗೆ ಹೊರಟಾಗ ಆರು ವರ್ಷದ ಒಬ್ಬ ಹುಡುಗ ಸೂಟ್‌ಕೇಸ್ ನೋಡಿದ. ಇವರು "ಕ್ರಿಸ್ಮಸ್‌ಗೆ ಮೊದಲು ಬರ್ತೇನೆ" ಎಂದರು. ಅವನು ನಂಬಿ ಹೋದ.

ಊರಿಗೆ ಬಂದವರು ಸುಮ್ಮನಿರಲಿಲ್ಲ. ಅಲ್ಲಿದ್ದ ಇನ್ನೊಬ್ಬ ಸ್ವಯಂಸೇವಕಿಯ ಮೊಬೈಲಿಗೆ ವಾರಕ್ಕೆ ನಾಲ್ಕೈದು ಸಲ, ಮಲಗುವ ಹೊತ್ತಿಗೆ, ಆ ಹುಡುಗನಿಗೆ ಮಾತ್ರ ವಿಡಿಯೋ ಕಾಲ್. ಆಮೇಲೆ ಅವನು ಅಳುತ್ತಿದ್ದ, ಹಾಸಿಗೆ ಒದ್ದೆ ಮಾಡುತ್ತಿದ್ದ. ಮನೆ ನೋಡಿಕೊಳ್ಳುವ ಹೆಂಗಸು ಇನ್ನು ಕಾಲ್ ಮಾಡಬೇಡಿ ಎಂದು ಮೆಸೇಜ್ ಕಳಿಸಿದ್ದರು. "ಅವರಿಗೆ ಹೊಟ್ಟೆಕಿಚ್ಚು" ಎಂದರು ಲೀನಾ.

ಆ ಹೆಂಗಸನ್ನು ಮಕ್ಕಳು ಏನೆಂದು ಕರೆಯುತ್ತಾರೆ ಎಂದು ಕೇಳಿದೆ.

"ಮಾಮಾ." ನಮಗೆ ಕೇಳಿದರೆ ಅಮ್ಮನ ತಮ್ಮ. ಸ್ವಾಹಿಲಿಯಲ್ಲಿ ತಾಯಿ.

"ನಿಮ್ಮನ್ನು?"

"ಮ್ವಾಲಿಮು." ಅಂದರೆ ಟೀಚರ್.

ಮಕ್ಕಳು ಸರಿಯಾಗಿಯೇ ಹೆಸರಿಟ್ಟಿದ್ದರು. ಮರೆತದ್ದು ಟೀಚರ್. ಮಾಮಾ ಹೇಳಿದ್ದೇ ಸರಿ ಎಂದು ನಾನು ನೇರವಾಗಿ ಹೇಳಿದೆ. ಸಾಮಾನ್ಯವಾಗಿ ಅಷ್ಟು ಬೇಗ ಪಕ್ಷ ವಹಿಸುವವಳಲ್ಲ. ಇಲ್ಲಿ ಕಾಯುವಂತಿರಲಿಲ್ಲ, ಕಾಲ್ ಬಂದ ರಾತ್ರಿಯೆಲ್ಲ ಒಂದು ಮಗು ಅಳುತ್ತಿತ್ತು.

ಲೀನಾ ಹೇಳಿದ ಇನ್ನೊಂದು ವಿಷಯ ನನ್ನ ಮನಸ್ಸಿನಲ್ಲಿ ಉಳಿದಿತ್ತು. ಅವರು ಹೋದ ಮೊದಲ ದಿನ, ಐದು ನಿಮಿಷ ಆಗುವ ಮೊದಲೇ ಈ ಹುಡುಗ ಬಂದು ಮಡಿಲಲ್ಲಿ ಕೂತಿದ್ದ. "ದೇವರೇ ಕಳಿಸಿದ ಹಾಗೆ ಆಯಿತು." ಅವರ ನಂಬಿಕೆಯ ತಂಟೆಗೆ ನಾನು ಹೋಗಲಿಲ್ಲ. ಆದರೆ ಮನೆಯಲ್ಲಿ ಬೆಳೆದ ಮಗು ಹೊಸಬರನ್ನು ಕಂಡರೆ ಮೊದಲು ಅಮ್ಮನ ಸೆರಗಿನ ಹಿಂದೆ ಹೋಗುತ್ತದೆ, ಅಲ್ವಾ? ನೋಡಿಕೊಳ್ಳುವವರು ಬದಲಾಗುತ್ತಲೇ ಇರುವ ಕಡೆ ಬೆಳೆದ ಕೆಲವು ಮಕ್ಕಳು ಯಾರ ಬಳಿ ಬೇಕಾದರೂ ಹೋಗುತ್ತಾರೆ. ನೋಡಲು ಮುದ್ದು. ಒಳಗೆ, ಯಾರು ತನ್ನವರು ಎನ್ನುವುದು ಗಟ್ಟಿಯಾಗಿಲ್ಲ ಎಂಬುದರ ಗುರುತೂ ಆಗಿರಬಹುದು. ರೊಮೇನಿಯಾದ ಬುಖಾರೆಸ್ಟಿನಲ್ಲಿ 2000ರಲ್ಲಿ ಶುರುವಾದ ಅಧ್ಯಯನವೊಂದು ಅನಾಥಾಲಯಗಳಲ್ಲಿದ್ದ 136 ಪುಟ್ಟ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿತು. ಅರ್ಧದಷ್ಟು ಮಕ್ಕಳನ್ನು ಸಾಕು ಮನೆಗಳಿಗೆ ಕಳಿಸಿದ್ದರು. ಮನೆ ಸಿಕ್ಕ ಮಕ್ಕಳು ಒಟ್ಟಿನಲ್ಲಿ ಚೆನ್ನಾಗಿ ಚೇತರಿಸಿಕೊಂಡರು, ಎರಡು ವರ್ಷ ವಯಸ್ಸು ತುಂಬುವ ಮೊದಲೇ ಹೋದವರು ಇನ್ನೂ ಚೆನ್ನಾಗಿ. ಮಗುವಿಗೆ ಬೇಕಾಗಿದ್ದು ಬಂದುಹೋಗುವ ಹತ್ತು ಮಂದಿಯ ಪ್ರೀತಿಯಲ್ಲ, ಬಿಟ್ಟುಹೋಗದ ಒಬ್ಬರು.

ಇದನ್ನು ಕೇಳಿ ಲೀನಾ ತುಂಬಾ ಹೊತ್ತು ಅತ್ತರು. ಆ ದಿನ ಬೇರೇನೂ ಮಾತಾಡಲಿಲ್ಲ.

ಮುಂದಿನ ಸಲ ಬರುವಾಗ ಹೊಸ ಸುದ್ದಿ ಇತ್ತು. ಹುಡುಗನನ್ನು ಅವನ ಅಜ್ಜಿಯ ಮನೆಗೆ ಕಳಿಸುತ್ತಾರಂತೆ. "ಅಜ್ಜಿ ಬಡವಿ ಮೇಡಂ, ಆಶ್ರಯಧಾಮದಲ್ಲಾದರೆ ಶಾಲೆ ಉಂಟು, ಹೊಟ್ಟೆ ತುಂಬ ಊಟ ಉಂಟು." ಈ ಮಾತು ನಮ್ಮೂರಿನ ಹಾಸ್ಟೆಲ್‌ಗಳ ಬಗ್ಗೆಯೂ ಕೇಳಿದ್ದೇನೆ. ಬಡತನ ಒಂದೇ ಕಾರಣಕ್ಕೆ ಮಗುವನ್ನು ಕುಟುಂಬದಿಂದ ದೂರ ಮಾಡಬಾರದು ಎಂದು ವಿಶ್ವಸಂಸ್ಥೆಯ 2009ರ ಮಾರ್ಗಸೂಚಿ ಹೇಳುತ್ತದೆ. ಸಂಸ್ಥೆಗಳಲ್ಲಿರುವ ಮಕ್ಕಳನ್ನು ಕುಟುಂಬಗಳಿಗೆ ಸೇರಿಸಲು ಕೆನ್ಯಾ ಸರ್ಕಾರ 2022ರಿಂದ 2032ರವರೆಗಿನ ಹತ್ತು ವರ್ಷದ ಯೋಜನೆಯನ್ನೇ ಹಾಕಿಕೊಂಡಿದೆ. ಅಜ್ಜಿಗೆ ಸಹಾಯ ಸಿಗುವುದಾದರೆ ಹುಡುಗನಿಗೆ ಅದು ಒಳ್ಳೆಯ ಸುದ್ದಿ. ಲೀನಾಗೆ ಮಾತ್ರ ಎರಡನೇ ಸಲ ಕಳೆದುಕೊಂಡಂತೆ. ಎರಡೂ ನಿಜ, ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚಿಡಬೇಕಾಗಿಲ್ಲ ಎಂದೆ.

ನಾನು ಕೊಟ್ಟ ಸಲಹೆ ಹೀಗಿತ್ತು. ಮಲಗುವ ಹೊತ್ತಿನ ಕಾಲ್ ಅವತ್ತೇ ನಿಲ್ಲಬೇಕು. ಮಾತಾಡುವುದಾದರೆ ಮಾಮಾ ಒಪ್ಪಿದ ದಿನ, ಹಗಲಲ್ಲಿ, ಎಲ್ಲ ಮಕ್ಕಳ ಜೊತೆ. ಮೊದಲು ಮಾಮಾಗೆ ಕ್ಷಮೆ ಕೇಳಬೇಕು. ಇದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಹುಡುಗನ ಹೆಸರಿಗೆ ನೇರವಾಗಿ ದುಡ್ಡು ಕಳಿಸುವುದು ಬೇಡ. ಆಮೇಲೆ ಆ ಸುಳ್ಳನ್ನು ಸರಿಮಾಡಬೇಕು. ಕ್ರಿಸ್ಮಸ್‌ಗೆ ಇನ್ನೂ ಸಮಯವಿತ್ತು, ಆದರೆ ಕಾಯುವ ಮಗುವಿಗೆ ಪ್ರತಿದಿನವೂ ಬಾಗಿಲು ನೋಡುವ ದಿನ.

ಪತ್ರವನ್ನು ನನ್ನ ಕೋಣೆಯಲ್ಲೇ ಬರೆದೆವು. ಮೊದಲ ಕರಡು ನಾಲ್ಕು ಪುಟ, ಪೂರ್ತಿ ಅವರ ದುಃಖ. ಅದನ್ನು ನಿಮ್ಮ ಬಳಿ ಇಟ್ಟುಕೊಳ್ಳಿ ಎಂದೆ. ಕೊನೆಗೆ ಕಳಿಸಿದ್ದು ಇಷ್ಟು: "ನನ್ನ ಪಪ್ಪನಿಗೆ ಹುಷಾರಿರಲಿಲ್ಲ, ಅದಕ್ಕೆ ಊರಿಗೆ ಬಂದೆ. ಕ್ರಿಸ್ಮಸ್‌ಗೆ ಬರ್ತೇನೆ ಅಂದಿದ್ದೆ. ಅದು ತಪ್ಪು ಮಾತು. ನಾನು ಬರುವುದಿಲ್ಲ. ನಿನ್ನಿಂದ ಏನೂ ತಪ್ಪಾಗಿಲ್ಲ. ನೀನು ಚಪಾತಿ ಲಟ್ಟಿಸಲು ಕಲಿತದ್ದು ನನಗೆ ನೆನಪಿದೆ." ಸ್ವಾಹಿಲಿಯಲ್ಲೂ ಚಪಾತಿಗೆ ಚಪಾತಿ ಎಂದೇ ಹೇಳುವುದಂತೆ. ಪತ್ರವನ್ನು ಓದಿ ಹೇಳುವುದು ಮಾಮಾ, ಅವನನ್ನು ಹತ್ತಿರ ಕೂರಿಸಿಕೊಂಡು. ಅವನು ಅತ್ತರೆ ಅಪ್ಪಿಕೊಳ್ಳಲು ಒಂದು ಮಡಿಲು ಅಲ್ಲೇ ಇರಬೇಕಲ್ಲ.

ಜೊತೆಗೆ ಒಂದು ಪುಸ್ತಕ. ಅವನ ಫೋಟೋಗಳು, ಅವನ ಗೆಳೆಯರು, ಮೊದಲು ಬಿದ್ದ ಹಲ್ಲು ಯಾವುದು, ಯಾವ ಹಾಡಿಗೆ ನಿದ್ದೆ ಬರುತ್ತಿತ್ತು. ಸಂಸ್ಥೆಯಲ್ಲಿ ಬೆಳೆದ ಮಕ್ಕಳಿಗೆ ಇಂಥವನ್ನು ನೆನಪಿಟ್ಟು ಹೇಳುವವರು ಸಿಗುವುದಿಲ್ಲ. ಲೀನಾ ಬರೆದು ಕಳಿಸಿದರು, ಉಳಿದದ್ದನ್ನು ಮಾಮಾ ತುಂಬಿಸಿದರು. ಪುಸ್ತಕ ಅವನ ಜೊತೆ ಅಜ್ಜಿ ಮನೆಗೆ ಹೋಯಿತು.

ಲೀನಾಗೆ ಸಾಯುವ ಯೋಚನೆ ಬಂದಿದೆಯೇ ಎಂದು ಮೊದಲ ದಿನವೇ ಕೇಳಿದ್ದೆ. ಇರಲಿಲ್ಲ. ಆದರೂ ನಿದ್ದೆ, ಊಟ ಎರಡೂ ಕೆಟ್ಟಿದ್ದರಿಂದ ಮನೋವೈದ್ಯರ ಬಳಿ ಕಳಿಸಿದೆ. ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು ಎಂದೆ. ಎರಡು ಸಲ ಮಾಡಿದರಂತೆ.

ಇಂಥ ಕಡೆ ಹೋಗಲು ಹೊರಟ ಹುಡುಗ ಹುಡುಗಿಯರು ಆಗಾಗ ನನ್ನನ್ನು ಕೇಳುತ್ತಾರೆ. ಒಂದು ತಿಂಗಳು ಮಕ್ಕಳ ಜೊತೆ ಇದ್ದು ಬರುವುದಾದರೆ ಹೋಗಬೇಡಿ ಎನ್ನುತ್ತೇನೆ. ಲೆಕ್ಕ ಬರೆಯಿರಿ, ಅಡುಗೆಮನೆಯಲ್ಲಿ ದುಡಿಯಿರಿ, ಅಲ್ಲಿನ ಟೀಚರ್‌ಗಳಿಗೆ ಕಲಿಸಿ. ದೀರ್ಘಕಾಲಕ್ಕೆ ಹೋಗುವುದಾದರೆ ಮಗುವನ್ನು ರಾತ್ರಿ ಮಲಗಿಸುವವರು ಯಾರು ಎಂದು ಮೊದಲೇ ಕೇಳಿ. ನಿಮ್ಮ ಪೊಲೀಸ್ ವೆರಿಫಿಕೇಶನ್ ಕೇಳದ ಸಂಸ್ಥೆಯಾದರೆ ಅನುಮಾನ ಪಡಿ. ಹೊರಡುವ ದಿನ ಯಾವುದು ಎಂದು ಮಕ್ಕಳಿಗೂ ಗೊತ್ತಿರಲಿ.

ಮಮ್ಮಿ ಮಗಳ ನಡುವೆ ಮಂಜು ಕರಗಿದ್ದು ನನ್ನಿಂದಲ್ಲ. ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ ಮೊದಲು ದೇವರ ಪೀಠ ಒರೆಸುವಾಗ ಲೀನಾಗೆ ಎರಡು ಲಕೋಟೆ ಸಿಕ್ಕಿದವು. ಒಳಗೆ ಒಣಗಿದ ಭತ್ತದ ತೆನೆ, ಹಬ್ಬದಂದು ಮನೆಯವರೆಲ್ಲ ಹಂಚಿಕೊಳ್ಳುವ ಹೊಸ ಬೆಳೆಯದು. ಮಗಳು ಹಬ್ಬಕ್ಕೆ ಇಲ್ಲದ ಎರಡು ವರ್ಷವೂ ಮಮ್ಮಿ ಅವಳ ಪಾಲನ್ನು ತೆಗೆದಿಟ್ಟಿದ್ದರು. ಹೇಳಿರಲಿಲ್ಲ. "ಆ ಎರಡೂ ಹಬ್ಬದ ದಿನ ಮಮ್ಮಿ ಏನು ಹೇಳಿದ್ದರು?" ಎಂದು ಕೇಳಿದೆ. ಲೀನಾ ಸ್ವಲ್ಪ ಯೋಚಿಸಿ, "ಊಟ ಆಯ್ತಾ ಅಂತ ಕೇಳಿ ಫೋನ್ ಇಟ್ಟಿದ್ರು" ಎಂದರು.

ಈಗ ಊರ ಹತ್ತಿರದ ಶಾಲೆಯಲ್ಲಿ ಕೆಲಸ ಸಿಕ್ಕಿದೆ. ತೇರ್ಸ್ ಮುಗಿಯುವವರೆಗೆ ಕೂರುತ್ತಾರೆ, ಹೆಚ್ಚಿನ ದಿನ. ಅಲಾರಂ ತೆಗೆದಿರಾ ಎಂದು ಕಳೆದ ಸಲ ಕೇಳಿದೆ.

"ಇಲ್ಲ ಮೇಡಂ. ಪಪ್ಪನ ರಾತ್ರಿ ಮಾತ್ರೆಗೂ ಅದೇ ಟೈಮ್ ಆಗ್ತದೆ."