ಕೆರೆ ತಳದ ಹೆಪ್ಪುನೆಲ ಕರಗಿದ್ರೆ ಗ್ಯಾಸ್ ಯಾಕೆ?

ಪ್ರಶ್ನೆ: ಸೈಬೀರಿಯಾ, ಅಲಾಸ್ಕಾ ಕಡೆ ಕೆರೆಗಳಿಂದ ಮೀಥೇನ್ ಬರ್ತಿದೆಯಂತೆ. ನಮ್ಮೂರ ಕೆರೇಲಿ ಹೂಳು ತುಳಿದ್ರೆ ಗುಳ್ಳೆ ಬರುತ್ತಲ್ಲ ಸಾರ್, ಎರಡೂ ಒಂದೇನಾ?
- ಓದುಗರು, ಮುಳಬಾಗಿಲು, ಕೋಲಾರ ಜಿಲ್ಲೆ

ಉತ್ತರ: ಹೌದು, ಆಕ್ಸಿಜನ್ ಇಲ್ಲದ ಕೆಸರಲ್ಲಿ ಸೂಕ್ಷ್ಮಜೀವಿಗಳು ಎಲೆ, ಬೇರು ಕೊಳೆಸಿ ಮೀಥೇನ್ ಬಿಡ್ತವೆ, ಎರಡು ಕಡೆನೂ ಅದೇ ಕೆಲಸ. ಆದ್ರೆ ಅಲ್ಲಿಯದು ಹೆಪ್ಪುನೆಲದಲ್ಲಿ, ಅಂದ್ರೆ ವರ್ಷಗಟ್ಟಲೆ ಕರಗದೆ ಹೆಪ್ಪುಗಟ್ಟೇ ಇರೋ ನೆಲದಲ್ಲಿ, ಸಾವಿರಾರು ವರ್ಷದಿಂದ ಹೆಪ್ಪುಗಟ್ಟಿದ್ದ ಹುಲ್ಲು, ಬೇರು. ಆಳದ ಕೆರೆ ಚಳಿಗಾಲದಲ್ಲೂ ತಳದವರೆಗೆ ಗಡ್ಡೆ ಕಟ್ಟಲ್ಲ, ಹಂಗಾಗಿ ಕೆಳಗಿನ ನೆಲ ವರ್ಷಪೂರ್ತಿ ಕರಗ್ತಾನೇ ಹೋಗುತ್ತೆ, ದಡ ಕುಸಿದು ಕೆರೆ ಇನ್ನೂ ಅಗಲ ಆಗುತ್ತೆ, ಆ ಜೀವಿಗಳಿಗೆ ಬಿಡುವೇ ಇರಲ್ಲ. ನನಗೆ ನಿಜವಾಗ್ಲೂ ಭಯ ಆಗೋದು ಇಲ್ಲೇ, ಯಾಕಂದ್ರೆ ಹೆಪ್ಪುನೆಲದಲ್ಲಿ ವಾತಾವರಣದಲ್ಲಿರೋದರ ಸುಮಾರು 2 ಪಟ್ಟು ಕಾರ್ಬನ್ ಇದೆ, ಮೀಥೇನ್ ಅಂತೂ 100 ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುತ್ತೆ. ನೀರಲ್ಲಿ ಕರಗಿದ ಮೀಥೇನನ್ನ ಒಂದಷ್ಟು ಬೇರೆ ಬ್ಯಾಕ್ಟೀರಿಯಾ ತಿಂದುಹಾಕ್ತವೆ, ಗುಳ್ಳೆಯಾಗಿ ಎದ್ದಿದ್ದು ಮಾತ್ರ ಹೆಚ್ಚಿನಂಶ ನೇರ ಗಾಳಿಗೇ ಸೇರುತ್ತೆ.